ನಿಮಿಷಕ್ಕೆ ನಲವತ್ತೆಂಟು

ಗುತ್ತಿಗಾರು
2 ಫೆಬ್ರವರಿ 2025

ಜಿಸ್ಮಿ,

ಮದುವೆಯಾದ ಮೇಲೆ ಒಂದು ಸಾಲೂ ಬರೆಯದವಳು ಕೆಲಸ ಬಿದ್ದಾಗ ಬಂದಳು ಅಂತ ನೀನು ಬೈಯುವುದು ಪುಣೆಯಿಂದ ಇಲ್ಲಿಗೇ ಕೇಳುತ್ತಿದೆ. ಬೈದುಕೋ. ಆಮೇಲೆ ಓದು.

ಮಗು ಹುಟ್ಟಿದ ಸುದ್ದಿ ಸುಜಯ್ ನಿನಗೆ ತಿಳಿಸಿರಬಹುದು. ಗಂಡು, ಭವಿತ್ ಅಂತ ಕರೆಯುತ್ತೇವೆ. ದಿನ ತುಂಬುವ ಮೊದಲೇ ಬಂದುಬಿಟ್ಟ. ಮಂಗಳೂರಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಎರಡು ಸಲ ಉಸಿರಾಡುವುದನ್ನೇ ಮರೆತಿದ್ದ. "ಬೇಗ ಹುಟ್ಟಿದ ಮಕ್ಕಳು ಹೀಗೆ ಮಾಡುದುಂಟು. ಪಾದಕ್ಕೆ ಬೆರಳಲ್ಲಿ ಒಂದು ಹೊಡೀರಿ, ನೆನಪಾಗ್ತದೆ" ಎಂದರು ಡಾಕ್ಟರು, ಮರೆತದ್ದು ಕೊಡೆಯನ್ನೋ ಎಂಬ ಹಾಗೆ.

ಮನೆಗೆ ಕರೆತರುವಾಗ ಸುಜಯ್ ಒಂದು ಯಂತ್ರ ತರಿಸಿದ. ಹಾಸಿಗೆಯ ಅಡಿಗೆ ಇಡುವ ತೆಳು ಹಲಗೆ, ಅದರಿಂದ ಒಂದು ವಯರು, ತುದಿಯಲ್ಲಿ ಸಾಬೂನು ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಮಗುವಿನ ಎದೆಯ ಅಲುಗಾಟ ಹಿಡಿದು ನಿಮಿಷಕ್ಕೆ ಎಷ್ಟು ಉಸಿರು ಅಂತ ತೋರಿಸುತ್ತದೆ. ಉಸಿರು ನಿಂತರೆ ಕಿರುಚುತ್ತದೆ. ಕಿರುಚಬೇಕು.

ಮೊದಲು ಪುತ್ತೂರಿನಲ್ಲಿ ನಮ್ಮ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ಅಂಕಿ ಕುಣಿಯುತ್ತಿತ್ತು. ಮೂವತ್ತಾರು, ಐವತ್ತೈದು, ನಲವತ್ತು. ನೋಡಿ ನೋಡಿ ನನ್ನ ಪ್ರಾಣ ಹೋಗುತ್ತಿತ್ತು. ಬಾಣಂತನಕ್ಕೆ ಗುತ್ತಿಗಾರಿಗೆ, ತವರಿಗೆ, ಬಂದ ಮೇಲೆ ಅದು ಶಾಂತವಾಗಿದೆ. ನಲವತ್ತೆಂಟು. ಬೆಳಿಗ್ಗೆ ನಲವತ್ತೆಂಟು, ಸಂಜೆ ನಲವತ್ತೆಂಟು. "ಊರಿನ ನೀರು ಹಿಡಿಯಿತು ಕೂಸಿಗೆ" ಅಂತ ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಸುಜಯ್ ಟಯರ್ ಅಂಗಡಿಯಿಂದ ಫೋನ್ ಮಾಡಿದಾಗ ಮಗು ಹೇಗಿದೆ ಅಂತ ಕೇಳುವುದಿಲ್ಲ, "ನಲವತ್ತೆಂಟು ಉಂಟಲ್ಲ?" ಅನ್ನುತ್ತಾನೆ.

ನೀನು ಇಂಥ ಯಂತ್ರಗಳನ್ನೇ ಪರೀಕ್ಷೆ ಮಾಡುವವಳು. ಹಿಂಬದಿಯ ಚೀಟಿಯ ಫೋಟೊ ಕಳಿಸಿದ್ದೇನೆ. ನಂಬಬಹುದಾ, ಇಲ್ಲವಾ, ಅಷ್ಟು ಹೇಳು. ಏನೂ ಆಗಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ. ಫೋನ್ ಮಾಡಬೇಡ. ಇಲ್ಲಿ ಮಾತಾಡಿದ್ದು ಇಡೀ ಮನೆಗೆ ಕೇಳುತ್ತದೆ, ಅವರೆಲ್ಲ ಈಗಾಗಲೇ ನನ್ನ ಮುಖವನ್ನು ಒಂದು ನಮೂನೆ ನೋಡುತ್ತಿದ್ದಾರೆ. ರಬ್ಬರ್ ಶೀಟ್ ಒಣಗಿಸುವ ಜಾಗದಲ್ಲಿ ನಿಂತರೆ ನೆಟ್‌ವರ್ಕ್ ಸಿಗುತ್ತದೆ. ಬಟ್ಟೆ ಒಣಗಿಸುವ ನೆಪದಲ್ಲಿ ಹೋಗಿ ಮೇಲ್ ನೋಡುತ್ತೇನೆ.

ಪ್ರಣೀತಾ


ಪುಣೆ
5 ಫೆಬ್ರವರಿ

ಎಂತ ಮಾರಾಯ್ತಿ,

ಬೈಯುವುದನ್ನು ಮುಗಿಸಿದ್ದೇನೆ. ಸುಜಯ್ ಮಗುವಿನ ಫೋಟೊ ಕಳಿಸಿದ್ದ, ಆ ಕೆನ್ನೆಗಳನ್ನು ಕಚ್ಚಿ ತಿನ್ನಬೇಕು. ನಿನ್ನ ಮೂಗು ಬರಲಿಲ್ಲವಲ್ಲ, ಅದೇ ಪುಣ್ಯ.

ನಮ್ಮ ಲ್ಯಾಬಿನಲ್ಲಿ ಯಾವ ಕರೆಂಟಿನ ಸಾಮಾನು ಬಂದರೂ ಮೊದಲು ಕೇಳುವುದು, ಇದು ಮುಟ್ಟಿದವರಿಗೆ ಶಾಕ್ ಕೊಡುತ್ತದಾ, ಬೆಂಕಿ ಹಿಡಿಯುತ್ತದಾ ಅಂತ. ಆಮೇಲೆ ನೀಲಿ ಸ್ಪಂಜಿನ ಗೋಡೆಯ ಒಂದು ಕೋಣೆಗೆ ಹಾಕುತ್ತೇವೆ. ಅಲ್ಲಿ ಹೊರಗಿನ ಯಾವ ತರಂಗವೂ ಬರುವುದಿಲ್ಲ. ಇದು ಪಕ್ಕದ ಯಂತ್ರಗಳಿಗೆ ಕಿರಿಕಿರಿ ಮಾಡುತ್ತದಾ, ಪಕ್ಕದವು ಕಿರಿಕಿರಿ ಮಾಡಿದರೆ ತಡೆದುಕೊಳ್ಳುತ್ತದಾ ಎಂದು ನೋಡುತ್ತೇವೆ. ಸೊಸೆಯನ್ನು ನೋಡಲು ಬಂದವರ ಹಾಗೆ. ಪಾಸಾದರೆ ಗುರುತು ಹಾಕಿಕೊಳ್ಳಬಹುದು.

ನಿನ್ನ ಚೀಟಿಯಲ್ಲಿರುವ ಗುರುತುಗಳೆಲ್ಲ ಸರಿಯಾಗಿಯೇ ಇವೆ, ನಕಲಿ ಅಲ್ಲ. ಅಂಕಿ ಒಂದೇ ಇದ್ದರೆ ಒಳ್ಳೆಯದೇ ಅಲ್ಲವಾ? ಪುತ್ತೂರಿನಲ್ಲಿ ಕುಣಿಯುತ್ತದೆ ಅಂತ ಅತ್ತಿ, ಗುತ್ತಿಗಾರಿನಲ್ಲಿ ಕುಣಿಯುವುದಿಲ್ಲ ಅಂತ ಅಳುತ್ತಿದ್ದಿ. ಯಂತ್ರವನ್ನು ನಂಬು. ನಿದ್ದೆ ಮಾಡು ಪ್ರಣೀ. ನಿದ್ದೆ ಇಲ್ಲದಿದ್ದರೆ ಕಣ್ಣು ಇಲ್ಲದ್ದನ್ನೆಲ್ಲ ಕಾಣುತ್ತದೆ.

ಮಂಚದ ಹತ್ತಿರ ಕರೆಂಟಿನದ್ದು ಏನೇನಿದೆ? ಅಭ್ಯಾಸಬಲದಿಂದ ಕೇಳುತ್ತಿದ್ದೇನೆ, ಅಷ್ಟೆ.

ಜಿಸ್ಮಿ


ಗುತ್ತಿಗಾರು
9 ಫೆಬ್ರವರಿ

ಜಿಸ್ಮಿ,

ನೀನು ಹೇಳಿದ ಹಾಗೆ ಯಂತ್ರವನ್ನು ನಂಬಲು ನೋಡಿದೆ. ಮೂರು ದಿನ ಅದರ ಮುಖ ನೋಡಲಿಲ್ಲ.

ನಿನ್ನೆ ಬೆಳಿಗ್ಗೆ ಅವ್ವ ಬಚ್ಚಲಿನಲ್ಲಿ ಕಾಲು ನೀಡಿ ಕೂತು, ಭವಿತ್‌ನನ್ನು ಕಾಲ ಮೇಲೆ ಮಲಗಿಸಿ ಮೀಯಿಸುತ್ತಿದ್ದರು. ಅವನ ಅಳು ಗೋಡೆಯಾಚೆಯಿಂದ ಕೇಳುತ್ತಿತ್ತು. ನಾನು ಟವೆಲ್ ತರಲು ಕೋಣೆಗೆ ಬಂದೆ. ಮಂಚ ಖಾಲಿ. ಅವನು ಮಲಗಿದ್ದ ಗುಳಿಯ ಮೇಲೆ ಕೈ ಇಟ್ಟೆ, ಇನ್ನೂ ಬಿಸಿ ಇತ್ತು. ಪಕ್ಕದಲ್ಲಿ ಯಂತ್ರ ಹಸಿರು ದೀಪ ಹಚ್ಚಿಕೊಂಡು ತೋರಿಸುತ್ತಿತ್ತು: ನಲವತ್ತೆಂಟು.

ನಾನು ಅಲ್ಲೇ ನಿಂತೆ. ಅವ್ವ ಕರೆದರು, ಟವೆಲ್ ಕೇಳಿ ಬೈದರು. ಮೀಯಿಸಿ ಆಯಿತು, ಸಾಂಬ್ರಾಣಿ ಹೊಗೆ ಹಾಕಿ ಆಯಿತು. ಅಷ್ಟು ಹೊತ್ತೂ ನಲವತ್ತೆಂಟು. ಜಿಸ್ಮಿ, ಇಲ್ಲದ ಮಗು ಉಸಿರಾಡುತ್ತಿತ್ತು.

ಅವ್ವನನ್ನು ಕರೆದು ತೋರಿಸಿದೆ. "ಫ್ಯಾನಿನ ಗಾಳಿಗೆ ಹಾಸಿಗೆ ಅಲುಗಿರ್ಬೇಕು" ಅಂದರು. ಮಗುವನ್ನು ಮಲಗಿಸಿದರು. "ಈಗ ಎಷ್ಟುಂಟು ನೋಡು." ನಲವತ್ತೆಂಟು. "ಮತ್ತೆಂತ ನಿನಗೆ? ಸರಿ ಉಂಟಲ್ಲ!" ನಾನು ಅತ್ತೆ. ಅವರು ಅಪ್ಪನ ಹತ್ತಿರ ಹೋಗಿ ಏನೋ ಪಿಸುಗುಟ್ಟಿದರು. ಸಂಜೆ ಸುಜಯ್ ಫೋನ್ ಮಾಡಿ ಪುತ್ತೂರಿನಲ್ಲಿ ಒಬ್ಬರು ಡಾಕ್ಟರು ಇದ್ದಾರೆ, ನನಗೆ ತೋರಿಸುವ ಅಂದ. ಮಗುವಿಗಲ್ಲ, ನನಗೆ.

ನೀನು ಕೇಳಿದ ಪಟ್ಟಿ: ಮೇಲೆ ಫ್ಯಾನು. ಒಂದು ಟ್ಯೂಬ್‌ಲೈಟು. ಮೊಬೈಲ್ ಚಾರ್ಜರ್. ಆಚೆ ಕೋಣೆಯಲ್ಲಿ ಇನ್ವರ್ಟರ್. ಅಡುಗೆಮನೆಯಲ್ಲಿ ಫ್ರಿಜ್ಜು, ಮಿಕ್ಸಿ. ಪಂಪು ಕೆಳಗೆ ತೋಡಿನ ಹತ್ತಿರ, ದೂರ. ಬಚ್ಚಲಿನಲ್ಲಿ ಸೌದೆ ಒಲೆ, ಹೀಟರ್ ಇಲ್ಲ. ಬೇರೆ ಎಂತದೂ ಇಲ್ಲ.

ಬೇಗ ಬರೆ.

ಪ್ರಣೀತಾ


ಪುಣೆ
11 ಫೆಬ್ರವರಿ

ಪ್ರಣೀತಾ,

ತಮಾಷೆ ಸಾಕು. ನಾನು ಹೇಳಿದಷ್ಟು ಮಾಡು.

ಮಗುವನ್ನು ಅವ್ವನ ಕೈಗೆ ಕೊಡು. ಖಾಲಿ ಹಾಸಿಗೆ ಇರಲಿ. ಯಂತ್ರದ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಇಡು. ಆಮೇಲೆ ಮನೆಯ ಮೇನ್ ಸ್ವಿಚ್ ತೆಗೆ. ಇನ್ವರ್ಟರನ್ನೂ ಆರಿಸು. ಫ್ಯಾನು ಪೂರ್ತಿ ನಿಲ್ಲುವವರೆಗೆ ಕಾಯಿ, ಯಾರೂ ನಡೆದಾಡಬಾರದು. ಆಗ ಅಂಕಿ ಹೋಗಿ ಯಂತ್ರ ಕಿರುಚಿದರೆ, ಮನೆಯ ಕರೆಂಟಿನದ್ದೇ ಯಾವುದೋ ಒಂದು ಅದನ್ನು ಕೆಡಿಸುತ್ತಿದೆ ಅಂತ ಲೆಕ್ಕ. ಒಂದೊಂದಾಗಿ ಹಾಕಿ ಯಾವುದು ಅಂತ ಹಿಡಿಯಬಹುದು. ಆಗಲೂ ನಲವತ್ತೆಂಟೇ ಇದ್ದರೆ ಯಂತ್ರವೇ ಕೆಟ್ಟಿದೆ.

ಅಲ್ಲಿಯವರೆಗೆ ಅದನ್ನು ನಂಬಬೇಡ. ಇದನ್ನು ಮನೆಯವರಿಗೂ ಹೇಳು.

ಜಿಸ್ಮಿ


ಗುತ್ತಿಗಾರು
15 ಫೆಬ್ರವರಿ

ಜಿಸ್ಮಿ,

ಮಾಡಿದೆ. ಮೇನ್ ಸ್ವಿಚ್ ತೆಗೆದೆ, ಇನ್ವರ್ಟರ್ ಆರಿಸಿದೆ, ಎಲ್ಲರನ್ನೂ ಅಂಗಳಕ್ಕೆ ಕಳಿಸಿದೆ. ಮನೆ ಸತ್ತ ಹಾಗಿತ್ತು. ನಲವತ್ತೆಂಟು.

ಇವತ್ತು ಶನಿವಾರ, ಸುಜಯ್ ಬಂದಿದ್ದ. ಕತ್ತಲ ಕೋಣೆಯಲ್ಲಿ ಖಾಲಿ ಹಾಸಿಗೆ ಕಾಯುತ್ತಾ ಕೂತವಳನ್ನು ನೋಡಿ ಬಾಗಿಲಲ್ಲೇ ನಿಂತ. "ಪ್ರಣೀ, ಸಾಕು. ಜಿಸ್ಮಿಯೇ ಸರಿ ಉಂಟು ಅಂತ ಬರೆದಿದ್ದಾಳಲ್ಲ." ಅವಳು ಏನು ಬರೆದಳೆಂದು ನಿನಗೆ ಹೇಗೆ ಗೊತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಅಂಗಿಯ ಗುಂಡಿ ತಿರುಗಿಸಿದ. ಆಮೇಲೆ ಹೇಳಿದ: "ನಾನೇ ಫೋನ್ ಮಾಡಿದ್ದು. ನೀನು ಅವಳಿಗೆ ಬರೆದಿದ್ದಿ ಅಂತ ಗೊತ್ತಾಯ್ತು. ಒಂದು ಧೈರ್ಯದ ಮಾತು ಬರಿ, ಅವಳು ಮಲಗ್ಲಿ ಅಂದೆ. ತಪ್ಪಾ?"

ಹಾಗಾದರೆ ನೀನು ಮೊದಲು ಬರೆದದ್ದು ಯಂತ್ರದ ಬಗ್ಗೆ ಅಲ್ಲ, ನನ್ನ ಬಗ್ಗೆ. ನಾನು ಕೇಳಿದ್ದು ಇಂಜಿನಿಯರ್ ಹತ್ತಿರ. ಉತ್ತರ ಕೊಟ್ಟವಳು ನನ್ನ ಗಂಡನ ವಕೀಲೆ.

ಏನೂ ಆಗಿಲ್ಲ ಅಂತ ನಾನೂ ಬರೆದಿದ್ದೆ. ಆಗಿತ್ತು. ಜನವರಿಯ ಕೊನೆಗೆ, ಒಂದು ಮಧ್ಯಾಹ್ನ, ಅವ್ವ ದನಕ್ಕೆ ಹುಲ್ಲು ಹಾಕಲು ಹೋಗಿದ್ದರು. ನಾನು ಮಂಚದ ಕಾಲಿಗೆ ಒರಗಿ ತೂಕಡಿಸುತ್ತಿದ್ದೆ. ಕಣ್ಣು ಬಿಟ್ಟಾಗ ಭವಿತ್‌ನ ತುಟಿಯ ಸುತ್ತ ನೀಲಿ ಇತ್ತು. ಎದೆ ಏಳುತ್ತಿರಲಿಲ್ಲ. ಯಂತ್ರ ತೆಪ್ಪಗಿತ್ತು, ಹಸಿರು ದೀಪ, ನಲವತ್ತೆಂಟು. ನಾನು ಪಾದಕ್ಕೆ ಹೊಡೆದೆ, ಎತ್ತಿ ಅಲುಗಿಸಿದೆ. ಉಸಿರು ತೆಗೆದ. ಅವ್ವ ಬರುವಷ್ಟರಲ್ಲಿ ಕೆಂಪಗೆ ನಗುತ್ತಿದ್ದ. ಯಾರಿಗೆ ಹೇಳಲಿ? ಯಂತ್ರ ಸರಿ ಇತ್ತು, ನಾನು ನಿದ್ದೆಯಲ್ಲಿದ್ದೆ. ಕನಸು ಅನ್ನುತ್ತಿದ್ದರು. ನೀನು ಮಾತ್ರ ಯಂತ್ರದ ಮಾತು ಕೇಳುವ ಮೊದಲು ಯಂತ್ರವನ್ನೇ ವಿಚಾರಿಸುತ್ತಿ ಅಂದುಕೊಂಡಿದ್ದೆ.

ಸೋಮವಾರ ಪುತ್ತೂರಿಗೆ ಕರೆದುಕೊಂಡು ಹೋಗುತ್ತಾರೆ. ಇನ್ನು ನಾನು ಬರೆಯುವುದಿಲ್ಲ.

ಪ್ರಣೀತಾ


ಪುಣೆ
16 ಫೆಬ್ರವರಿ

ಪ್ರಣೀ,

ಸುಜಯ್ ಅಳುತ್ತಿದ್ದ. ಅವನ ದನಿ ಕೇಳಿ ಮರುಳಾದೆ. ಕಾರಣ ಅಷ್ಟೆ, ನೆಪ ಅಲ್ಲ.

ಇದನ್ನು ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ನಿನ್ನ ಚೀಟಿಯ ಕೊನೆಯ ಸಾಲಿನಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಇದು ವೈದ್ಯಕೀಯ ಉಪಕರಣವಲ್ಲ ಅಂತ ಇದೆ. ಆಸ್ಪತ್ರೆಯ ಯಂತ್ರಕ್ಕೆ ನಾವು ಕೊಡುವ ಕಷ್ಟ ಬೇರೆ. ಸುತ್ತ ಏನೇ ಗಲಾಟೆ ಇದ್ದರೂ ಅದು ರೋಗಿಯ ಬಗ್ಗೆ ಸುಳ್ಳು ಹೇಳಬಾರದು, ಹೇಳುವುದಕ್ಕಿಂತ ನಿಂತುಹೋಗಬೇಕು. ನಿನ್ನಲ್ಲಿರುವುದು ಮನೆಬಳಕೆಯ ಸಾಮಾನು ಅಂತ ಪಾಸಾದದ್ದು, ಮಿಕ್ಸಿಯ ಸಾಲಿನಲ್ಲಿ. ಗುರುತುಗಳು ಸರಿ ಇವೆ ಅಂದದ್ದು ಸುಳ್ಳಲ್ಲ. ಅದಕ್ಕೇ ನನಗೆ ಹೆಚ್ಚು ಹೇಸಿಗೆಯಾಗುತ್ತಿದೆ.

ನೀನು ಕನಸು ಕಂಡದ್ದಲ್ಲ. ಯಂತ್ರ ಆರಿಸಿಡು. ಯಾರಾದರೂ ಒಬ್ಬರು ಮಗುವಿನ ಎದೆ ನೋಡುತ್ತಾ ಇರಲಿ. ಇದನ್ನು ಡಾಕ್ಟರಿಗೆ ತೋರಿಸು, ಪುತ್ತೂರಿನವರಿಗಲ್ಲ, ಮಂಗಳೂರಿನವರಿಗೆ.

ಜಿಸ್ಮಿ


ಪುಣೆ
21 ಫೆಬ್ರವರಿ

ಪ್ರಣೀ, ಪ್ರಣೀ,

ನಿನ್ನ ಮನೆಗೆ ಆನೆ ಬೇಲಿ ಉಂಟಾ?

ಇವತ್ತು ನೆಲ್ಯಾಡಿಗೆ, ಮನೆಗೆ, ಫೋನ್ ಮಾಡಿದ್ದೆ. ನಮ್ಮ ಲ್ಯಾಂಡ್‌ಲೈನ್ ಇನ್ನೂ ಜೀವ ಹಿಡಿದುಕೊಂಡಿದೆ. ಅಮ್ಮ ಯಾರದೋ ಮದುವೆಯ ಬಿರಿಯಾನಿಯ ಬಗ್ಗೆ ಹೇಳುತ್ತಿದ್ದರು, ಮಾತಿನ ಹಿಂದೆ ಟಕ್, ಟಕ್, ಟಕ್. "ಅಮ್ಮಾ, ಅದೆಂತ ಸದ್ದು?" ಅಂದೆ. "ಬೇಲಿದ್ದಲ್ಲ ಮೋಳೇ! ಆನೆ ಬೇಲಿ. ಎಷ್ಟು ವರ್ಷದಿಂದ ಉಂಟು, ನೀ ಪುಣೆಗೆ ಹೋಗಿ ಮರೆತೋಯ್ತಾ?" ನಾನು ಗಡಿಯಾರ ನೋಡಿದೆ. ನಿಮಿಷಕ್ಕೆ ಐವತ್ತರ ಆಸುಪಾಸು.

ಕರೆಂಟಿನ ಸಾಮಾನು ಏನೇನು ಇದೆ ಅಂತ ನಾನು ಕೇಳಿದಾಗ ನೀನು ಮಿಕ್ಸಿಯನ್ನೂ ಬರೆದಿ, ಬೇಲಿಯನ್ನು ಬರೆಯಲಿಲ್ಲ. ನಾನಾದರೂ ಬರೆಯುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಬೇಲಿ ಅಂದರೆ ಬೇಲಿ. ಅದು ತೋಟದ್ದು, ಮನೆಯದ್ದಲ್ಲ. ಮತ್ತೆ ಅದು ನಡೆಯುವುದು ಸೋಲಾರ್ ಬ್ಯಾಟರಿಯಲ್ಲಿ. ನೀನು ಮೇನ್ ಸ್ವಿಚ್ ತೆಗೆದಾಗಲೂ ಅದು ಹೊಡೆಯುತ್ತಲೇ ಇತ್ತು. ನನ್ನ ಪರೀಕ್ಷೆಯೇ ತಪ್ಪು.

ಬೇಲಿಯ ಯಂತ್ರಕ್ಕೂ ಸುರಕ್ಷತೆಯ ನಿಯಮ ಇದೆ. ಎರಡು ಹೊಡೆತಗಳ ನಡುವೆ ಕಡಿಮೆಯೆಂದರೆ ಒಂದು ಸೆಕೆಂಡಿನ ಬಿಡುವು ಇರಬೇಕು, ತಂತಿ ಮುಟ್ಟಿದವರು ಕೈ ಬಿಡಿಸಿಕೊಳ್ಳಲಿ ಅಂತ. ಯಾರೋ ಪುಣ್ಯಾತ್ಮರು ಜೀವ ಉಳಿಸಲು ಇಟ್ಟ ಬಿಡುವು. ಆ ಲಯ ಎಳೆಮಗುವಿನ ಉಸಿರಿನ ಲಯ ಪ್ರಣೀ. ನಿನ್ನ ಯಂತ್ರ ಎಣಿಸುತ್ತಿರುವುದು ಭವಿತ್‌ನನ್ನಲ್ಲ, ಬೇಲಿಯನ್ನು. ಬೇಲಿಯನ್ನು ಬೇರೆ ಪರೀಕ್ಷಿಸಿದ್ದಾರೆ, ಉಸಿರಿನ ಯಂತ್ರವನ್ನು ಬೇರೆ. ಎರಡೂ ಪಾಸು. ಎರಡನ್ನೂ ಒಂದೇ ಗೋಡೆಯ ಆಚೀಚೆ ಇಟ್ಟು ಯಾರೂ ನೋಡಿಲ್ಲ.

ಬೇಲಿಯ ಪೆಟ್ಟಿಗೆ ಎಲ್ಲಿ ತೂಗುಹಾಕಿದ್ದಾರೆ? ಅದರ ಅರ್ತ್ ಪೈಪನ್ನು ಎಲ್ಲಿ ಹೂತಿದ್ದಾರೆ? ಮಂಚ ಕಬ್ಬಿಣದ್ದಾ? ಬೇಲಿಯ ಪ್ರತಿ ಹೊಡೆತ ಅರ್ತಿನಿಂದ ಮಣ್ಣಿಗೆ, ಅಲ್ಲಿಂದ ಕಬ್ಬಿಣಕ್ಕೆ ಬಂದು ಹಲಗೆಗೆ ಎದೆಯ ಅಲುಗಾಟದ ಹಾಗೆ ಕಾಣುತ್ತಿರಬೇಕು. ನೀನು ಬರೆಯುವುದಿಲ್ಲ ಅಂದಿದ್ದಿ. ಬೇಡ, ಬೇಲಿಯ ಸ್ವಿಚ್ ಆರಿಸಿ ಅಂಕಿ ನೋಡು, ಅಷ್ಟು ಮಾಡು.

ಜಿಸ್ಮಿ


ಪುಣೆ
25 ಫೆಬ್ರವರಿ

ಪ್ರಣೀ,

ನಾಲ್ಕು ದಿನದಿಂದ ನೀನು ಮೇಲ್ ತೆರೆದಿಲ್ಲ. ಫೋನ್ ವ್ಯಾಪ್ತಿಯ ಹೊರಗೆ. ಸುಜಯ್‌ಗೆ ಮಾಡಿದೆ. "ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಈಗ ಚೆನ್ನಾಗಿ ಮಲಗ್ತಾಳೆ. ದಯಮಾಡಿ ಅವಳ ತಲೆಗೆ ಇನ್ನು ಎಂತದೂ ತುಂಬಬೇಡ ಜಿಸ್ಮಿ" ಅಂದ. ಬೇಲಿ ಅಂದೆ. "ಬೇಲಿ ತೋಟದಲ್ಲಿ ಉಂಟು, ಮಗು ಮನೇಲಿ ಉಂಟು" ಅಂದ. ಕೂಗಾಡಿದೆ. ಇಟ್ಟುಬಿಟ್ಟ. ಯಾಕೆ ಇಡಬಾರದು? ಮೊದಲು ಸರಿ ಉಂಟು ಅಂದವಳೂ ನಾನೇ.

ನೀನು ಮಲಗಿದ್ದೀ, ಅವರು ಅಂಕಿ ನೋಡಿ ಮಲಗಿದ್ದಾರೆ. ಹಾಗಾದರೆ ಮಗುವನ್ನು ನೋಡುತ್ತಿರುವವರು ಯಾರು?

ಅಮ್ಮನನ್ನು ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ಬಾಣಂತಿಯನ್ನು ನೋಡಲು ಬಂದವರನ್ನು ಯಾರೂ ಬಾಗಿಲಿಂದ ಕಳಿಸುವುದಿಲ್ಲ.

ಜಿಸ್ಮಿ


ಗುತ್ತಿಗಾರು
1 ಮಾರ್ಚ್

ಜಿಸ್ಮಿ,

ನಿನ್ನ ಅಮ್ಮ, ವಲ್ಸಾ ಆಂಟಿ, ಬಂದರು. ಬಸ್ಸಿಳಿದು ನಡೆದೇ ಬಂದದ್ದಂತೆ, ಬೆವರಿ ನೀರಾಗಿದ್ದರು. ಕೈಯಲ್ಲಿ ಮಗುವಿಗೆ ಸಾಬೂನು, ಪೌಡರು, ಮೂರು ವರ್ಷದ ಮಗುವಿಗೆ ಆಗುವಷ್ಟು ದೊಡ್ಡ ಅಂಗಿ.

ಮಾತ್ರೆ ನುಂಗಿದ ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಹತ್ತಿ ತುಂಬಿದ ಚೀಲದ ಒಳಗೆ ಇದ್ದ ಹಾಗೆ. ರಬ್ಬರ್ ಶೀಟಿನ ಹತ್ತಿರ ಹೋಗುವ ಶಕ್ತಿಯೇ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಸುಖವಾಗಿ ನಿದ್ದೆ ಮಾಡಿದರು, ಕಾವಲಿಗೆ ನಲವತ್ತೆಂಟು ಇತ್ತು.

ವಲ್ಸಾ ಆಂಟಿ ಕೂಸನ್ನು ಎತ್ತಿಕೊಂಡರು, ಅವ್ವನ ಹತ್ತಿರ ಮದ್ದಿನ ಎಣ್ಣೆಯ ಬಗ್ಗೆ ವಿಚಾರಿಸಿದರು, ಕೂಸನ್ನು ಅವರಿಗೆ ಕೊಟ್ಟು ಕಾಫಿ ಕುಡಿದರು. ಆಮೇಲೆ ಅಪ್ಪನ ಕಡೆ ತಿರುಗಿ ಆರಾಮವಾಗಿ ಕೇಳಿದರು: "ನಿಮ್ಮ ಬೇಲಿ ಮಿಷನ್ ಎಲ್ಲಿ ಇಟ್ಟದ್ದು ಚೇಟಾ? ನಮ್ಮದು ಹೊಡೆತವೇ ಇಲ್ಲ ಈಗ."

ಅಪ್ಪನಿಗೆ ಬೇಲಿಯ ಬಗ್ಗೆ ಯಾರಾದರೂ ಕೇಳಿದರೆ ಸಾಕು. ಅವರನ್ನು ಕರೆದುಕೊಂಡೇ ಹೋದರು. ನಾನೂ ಗೋಡೆ ಹಿಡಿದುಕೊಂಡು ಹಿಂದೆ ಹೋದೆ. ಪೆಟ್ಟಿಗೆ ಬಚ್ಚಲಿನ ಹೊರಗೋಡೆಯಲ್ಲಿ ತೂಗುತ್ತಿದೆ. ಟಕ್, ಟಕ್. ಆ ಸದ್ದು ನನಗೆ ಬೇರೆಯಾಗಿ ಕೇಳಿಯೇ ಇರಲಿಲ್ಲ ಜಿಸ್ಮಿ. ಜೀರುಂಡೆಯ ಸದ್ದು, ಹಲ್ಲಿಯ ಸದ್ದು, ಹಾಗೆ ಅದೂ ಒಂದು.

"ಅರ್ತ್ ಎಲ್ಲಿ ಕೊಟ್ಟದ್ದು?"

"ಇಲ್ಲೇ, ಬಚ್ಚಲಿನ ನೀರು ಹೋಗುವ ಗುಂಡಿಯಲ್ಲಿ! ಅರ್ತ್ ಯಾವಾಗಲೂ ಚಂಡಿ ಇರ್ಬೇಕು ಅಮ್ಮ, ಒಣಗಿದ್ರೆ ಬೇಲಿ ಸತ್ತಾಗೆ. ಇಲ್ಲಿ ಬೇಸಗೆಯಲ್ಲೂ ಚಂಡಿ. ಬಾಣಂತಿ ಬಂದ ಮೇಲಂತೂ ಹಂಡೆಗಟ್ಲೆ ನೀರು ಹೋಗ್ತದಲ್ಲ, ಹೊಡೆತ ಎಷ್ಟು ಜೋರಾಗಿದೆ ಗೊತ್ತುಂಟಾ? ಆನೆ ಬಂದದ್ದು ಹಾಗೇ ತಿರುಗಿ ಹೋಯ್ತು. ಮೊಮ್ಮಗನ ಪುಣ್ಯ!"

ಆ ಗುಂಡಿಯ ಈಚೆ ಗೋಡೆ. ಗೋಡೆಯ ಈಚೆ ನನ್ನ ಅಜ್ಜಿಯ ಕಬ್ಬಿಣದ ಮಂಚ. ಮಂಚದ ಮೇಲೆ ಭವಿತ್.

ಆಂಟಿ ನನ್ನ ಮುಖ ನೋಡಿದರು; ಬೇಲಿ ಆರಿಸಿ ನೋಡಲು ನೀನು ಹೇಳಿ ಕಳಿಸಿದ್ದನ್ನು ಬಂದ ಕೂಡಲೇ ನನ್ನ ಕಿವಿಯಲ್ಲಿ ಹೇಳಿದ್ದರು. ನಾನು ಸ್ವಿಚ್ ಆರಿಸಿದೆ.

"ಏಯ್ ಏಯ್! ಬೇಲಿ ಮುಟ್ಬೇಡ! ನಿನ್ನೆ ಆನೆ ಮೇಲಿನ ಮನೆಯವರ ಬಾಳೆ ತೆಗೆದುಹೋಗಿದೆ!" ಅಪ್ಪ ನನ್ನ ಕೈ ಹಿಡಿದರು. ಅಷ್ಟರಲ್ಲಿ ಒಳಗಿನಿಂದ ಆ ಸದ್ದು ಬಂತು. ಯಂತ್ರ ಕಿರುಚುತ್ತಿತ್ತು. ಗುತ್ತಿಗಾರಿಗೆ ಬಂದ ಮೇಲೆ ಮೊದಲ ಸಲ. ಅವ್ವ ಎದ್ದು ಬಿದ್ದು ಕೋಣೆಗೆ ಓಡಿದರು. ಮಂಚ ಖಾಲಿ, ಕೂಸು ಅವರ ತೋಳಲ್ಲೇ ಇತ್ತು, ಅದನ್ನೇ ಮರೆತು ಹಾಸಿಗೆಯಲ್ಲಿ ಹುಡುಕುತ್ತಿದ್ದರು.

"ಅಪ್ಪ, ಈಗ ನೀವೇ ಹಾಕಿ" ಅಂದೆ.

ಹಾಕಿದರು. ಕಿರುಚಾಟ ನಿಂತಿತು. ಒಳಗಿನಿಂದ ಅವ್ವ ಹೇಳಿದರು: "ನಲವತ್ತೆಂಟು."

ಅಪ್ಪ ಮತ್ತೆ ಆರಿಸಿದರು. ಕಿರುಚಿತು. ಹಾಕಿದರು. ಅವ್ವ ಈ ಸಲ ಅಂಕಿ ಹೇಳಲಿಲ್ಲ, ಅಳುತ್ತಿದ್ದರು. ಅಪ್ಪ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತರು. "ಇಷ್ಟು ದಿನ ಇದು ನನ್ನ ಬೇಲಿಯನ್ನು ಎಣಿಸಿದ್ದಾ?" ಅಂದರು. ಯಾರನ್ನು ಕೇಳಿದರೋ ಗೊತ್ತಿಲ್ಲ.

ಈಗ ಬೇಲಿ ಆರಿದೆ. ಅಪ್ಪ ಅಂಗಳದಲ್ಲಿ ಗರ್ನಾಲು ಪಟಾಕಿ ಇಟ್ಟುಕೊಂಡು ಕಾವಲು ಕೂತಿದ್ದಾರೆ. ಆನೆ ಬಂದರೆ ಬಾಳೆಗೆ ಬರುತ್ತದೆ, ಬಾಳೆ ಇರುವುದು ಅದೇ ಬಚ್ಚಲಿನ ಹಿಂದೆ. ಬೇಲಿ ಹಾಕಿದರೆ ಮಗುವಿನ ಉಸಿರು ಕಾಣುವುದಿಲ್ಲ, ಆರಿಸಿದರೆ ಮಗುವಿನ ಗೋಡೆಗೆ ಆನೆ. ಏನು ಮಾಡಲಿ ಹೇಳು. ಧೈರ್ಯದ ಮಾತು ಬೇಡ, ಕೆಲಸದ ಮಾತು ಹೇಳು.

ಪ್ರಣೀತಾ


ಪುಣೆ
2 ಮಾರ್ಚ್

ಪ್ರಣೀ,

ಕೆಲಸದ ಮಾತು.

ಬೇಲಿಯ ಅರ್ತ್ ಮನೆಯ ಯಾವ ಅರ್ತಿನಿಂದಲೂ ಹತ್ತು ಮೀಟರ್ ದೂರ ಇರಬೇಕು. ನಿಯಮದಲ್ಲೇ ಇದೆ, ಪೆಟ್ಟಿಗೆಯ ಜೊತೆ ಬರುವ ಕಾಗದದಲ್ಲೂ ಇರುತ್ತದೆ, ಓದಿದವರು ಯಾರೂ ಇಲ್ಲ. ನೀವು ಅದಕ್ಕಿಂತ ಎಷ್ಟು ದೂರ ಆಗುತ್ತದೋ ಅಷ್ಟು ದೂರ ಹೋಗಿ, ತೋಟದ ತಗ್ಗಿಗೆ. ಪೆಟ್ಟಿಗೆಯನ್ನೂ ಗೋಡೆಯಿಂದ ತೆಗೆದು ಅಲ್ಲೇ ಕಂಬಕ್ಕೆ ಹಾಕಿ. ಕಬ್ಬಿಣದ ಮಂಚ ಹೊರಗೆ, ಮರದ್ದು ಒಳಗೆ. ಕೋಣೆ ಬದಲಿಸಿ. ಆಮೇಲೆ ಖಾಲಿ ಹಾಸಿಗೆಯಲ್ಲಿ ಯಂತ್ರ ಕಿರುಚಬೇಕು. ದಿನಾ ಬೆಳಿಗ್ಗೆ ಸಂಜೆ ಮಗುವನ್ನು ಎತ್ತಿ ನೋಡಿ. ಕಿರುಚದ ದಿನ ಅದನ್ನು ಕಿಟಕಿಯಿಂದ ಎಸೆಯಿರಿ.

ಇಷ್ಟು ಮಾಡಿದರೂ ಅದು ಆಸ್ಪತ್ರೆಯ ಯಂತ್ರ ಆಗುವುದಿಲ್ಲ. ಮಂಗಳೂರಿಗೆ ತೋರಿಸಲೇಬೇಕು. ಮಾಡಿದ ಕಂಪನಿಗೆ ನಿನ್ನ ಹೆಸರು ಹಾಕದೆ ಬರೆದಿದ್ದೆ. ತಮ್ಮ ಉತ್ಪನ್ನ ಎಲ್ಲ ಮಾನದಂಡಗಳಿಗೂ ಬದ್ಧವಾಗಿದೆ, ಆನೆ ಬೇಲಿಯ ಪಕ್ಕ ಬಳಸುವುದು ಅವರ ನಿರೀಕ್ಷೆಯಲ್ಲಿ ಇಲ್ಲವಂತೆ. ಆ ಉತ್ತರದ ಭಾಷೆ ನನಗೆ ಚೆನ್ನಾಗಿ ಗೊತ್ತು. ನಾನೂ ಅದೇ ಭಾಷೆಯಲ್ಲಿ ನಿನಗೆ ಬರೆದಿದ್ದೆ.

ಜಿಸ್ಮಿ


ಮಂಗಳೂರು
14 ಮಾರ್ಚ್

ಜಿಸ್ಮಿ,

ಮೊದಲು ಇದನ್ನು ಓದು: ಭವಿತ್ ಇದ್ದಾನೆ. ನನ್ನ ಪಕ್ಕದಲ್ಲಿ, ಎದೆಗೆ ಮೂರು ವಯರು ಅಂಟಿಸಿಕೊಂಡು, ಆಸ್ಪತ್ರೆಯ ಮಂಚದಲ್ಲಿ. ಕೆಲವು ದಿನ ಇಲ್ಲೇ ಇರಬೇಕಂತೆ. ಒಂದು ಔಷಧಿ ಶುರು ಮಾಡಿದ್ದಾರೆ. ಬೆಳೆದ ಹಾಗೆ ಸರಿಯಾಗುತ್ತದೆ ಅನ್ನುತ್ತಾರೆ, ಯಾವಾಗ ಅಂತ ಹೇಳುವುದಿಲ್ಲ. ಸುಜಯ್ ಬಾಗಿಲ ಹತ್ತಿರ ಕೂತಿದ್ದಾನೆ. ಗೋಡೆಯ ಯಂತ್ರದ ಪ್ರತಿಯೊಂದು ಗೆರೆಗೂ ನರ್ಸನ್ನು ಕರೆದು "ಇದು ಎಂತ, ಇದು ಯಾಕೆ ಹೀಗೆ" ಅಂತ ಕೇಳಿ ಬೈಗುಳ ತಿನ್ನುತ್ತಿದ್ದಾನೆ. ನಾವಿಬ್ಬರೂ ಹೆಚ್ಚು ಮಾತಾಡುತ್ತಿಲ್ಲ. ನಿನ್ನ ಮೇಲೂ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ, ಇರಲಿ.

ನೀನು ಹೇಳಿದ ಹಾಗೆ ಅಪ್ಪ ಅರ್ತ್ ಪೈಪು ಕಿತ್ತು ರಬ್ಬರಿನ ಕೆಳಗಿನ ತಗ್ಗಿನಲ್ಲಿ ಹೂತರು. ಅಲ್ಲಿ ಮಣ್ಣು ಒಣ. ದಿನಾ ಸಂಜೆ ಕೊಡದಲ್ಲಿ ನೀರು ಹೊತ್ತು ಹಾಕಬೇಕು. "ಇನ್ನು ಬೇಲಿಗೂ ನಾನೇ ಬಾಣಂತನ ಮಾಡುದಾ?" ಅಂತ ಅವ್ವ ಬೈಯುತ್ತಾ ಅರ್ಧ ಕೊಡ ತಾನೂ ಹೊತ್ತರು. ಖಾಲಿ ಹಾಸಿಗೆಯಲ್ಲಿ ಯಂತ್ರ ಕಿರುಚಿದಾಗಲೆಲ್ಲ ಮನೆಯವರು ಮುಖ ಮುಖ ನೋಡಿ ನಗುತ್ತಿದ್ದರು. ಮಗುವನ್ನು ಮಲಗಿಸಿದರೆ ಅಂಕಿ ಮತ್ತೆ ಕುಣಿಯತೊಡಗಿತು. ಮೂವತ್ತೊಂಬತ್ತು, ಐವತ್ತೆರಡು, ಮೂವತ್ತಾರು.

ನಾನು ಮಾತ್ರ ಮಲಗಲಿಲ್ಲ. ಮಾತ್ರೆ ಬಿಟ್ಟಿದ್ದೆ. ಬುಧವಾರ ರಾತ್ರಿ ಅವ್ವ ಬಂದು ಮಗುವನ್ನೂ ಯಂತ್ರವನ್ನೂ ಹಲಗೆ ಸಮೇತ ಎತ್ತಿಕೊಂಡು ತನ್ನ ಕೋಣೆಗೆ ಹೋದರು. "ಹಾಲು ಕುಡಿಯುವ ಹೊತ್ತಿಗೆ ತರ್ತೇನೆ. ನೀನು ಬಿದ್ದುಕೊಳ್ಳು" ಅಂತ ಹೊರಗಿನಿಂದ ಬಾಗಿಲು ಎಳೆದುಕೊಂಡರು. ಜಗಳಕ್ಕೆ ಅಂತ ಎದ್ದವಳು ಅಲ್ಲೇ ಚಾಪೆಯ ಮೇಲೆ ಕೂತೆ. ಆಮೇಲೆ ಏನೂ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಬಂದಿತ್ತು. ಎದೆ ಹಾಲು ತುಂಬಿ ಕಲ್ಲಾಗಿತ್ತು, ರವಿಕೆ ಒದ್ದೆ. ಅವ್ವನ ಕೋಣೆಗೆ ಓಡಿದೆ. ಅವರು ಗೋಡೆಗೆ ಒರಗಿ ಕೂತಿದ್ದರು, ಕಾಲ ಮೇಲೆ ಭವಿತ್. ಹೊಸ್ತಿಲಲ್ಲಿ ಅಪ್ಪ, ಕೈಯಲ್ಲಿ ಇನ್ನೂ ಟಾರ್ಚು. ಮಗು ಎಚ್ಚರ ಇತ್ತು. ಎಡಗಾಲಿನ ಪಾದದಲ್ಲಿ ಉಗುರಿನ ಗುರುತು, ಚಂದ್ರನ ಹಾಗೆ, ಕೆಂಪಗೆ.

"ಇದೆಂತ?" ಅಂದೆ.

"ಬೆಳಗಾಗುವ ಹೊತ್ತಿಗೆ ಕಿರುಚಿತು ನಿನ್ನ ಮಿಷನ್. ನೋಡಿದ್ರೆ ಕೂಸು ಅಲುಗುದಿಲ್ಲ. ಒಂದು ಹೊಡೆದೆ, ಇಲ್ಲ. ಇನ್ನೊಂದು ಹೊಡೆದೆ, ಇಲ್ಲ. ಮತ್ತೆ ಉಗುರು ಹಾಕಿದೆ."

"ನನ್ನನ್ನು ಎಬ್ಬಿಸಲಿಲ್ಲ ಯಾಕೆ?"

"ಎಬ್ಬಿಸ್ಲಿಕ್ಕೆ ಯಾರಿಗೆ ಪುರುಸೊತ್ತಿತ್ತು?"

"ಆಮೇಲೆ? ಆಮೇಲಾದರೂ ಎಬ್ಬಿಸಬಹುದಿತ್ತಲ್ಲ ಅವ್ವ!"

ಅವರು ಮಗುವಿನ ಪಾದವನ್ನು ಹೆಬ್ಬೆರಳಿನಿಂದ ಸವರಿದರು.

"ಆಮೇಲೆ ಇವ ಉಸಿರು ತೆಗೀತಿದ್ದ. ಆಚೆ ಕೋಣೆಗೆ ಬಂದು ನೋಡಿದೆ, ನೀನೂ ತೆಗೀತಿದ್ದಿ. ಇವನನ್ನು ಹೊತ್ಕೊಂಡು ಅಲ್ಲಿಗೂ ಇಲ್ಲಿಗೂ ನಡೀತಾ ಇದ್ದೆ, ಬೆಳಗಾಯ್ತು."

ಪ್ರಣೀತಾ